ಮೇಬಲ್ ಕೈಕೊಡದ ಶನಿವಾರ

ಆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಲಯೋನೆಲ್ ಗಾರ್ಸೈಡ್‌ನ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಗಿಬಿಟ್ಟಿತು. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

ಹತ್ತೊಂಬತ್ತು ವರ್ಷದಲ್ಲಿ ಹೀಗೆಂದೂ ಆಗಿರಲಿಲ್ಲ. ಹಸಿರು ಬಣ್ಣ, ಎರಡೇ ಸೀಟು, ಬಟ್ಟೆಯ ಚಾವಣಿ. ಅದಕ್ಕೆ ಮೇಬಲ್ ಎಂದು ಹೆಸರಿಟ್ಟವನೂ ಅವನೇ. ವಯಸ್ಸಿನಲ್ಲಿ ಅವನಿಗಿಂತ ಎರಡೇ ವರ್ಷ ಚಿಕ್ಕವಳು. ಹೊಸದರಲ್ಲಿ ಊರ ಹುಡುಗರೆಲ್ಲರ ನಿದ್ದೆ ಕೆಡಿಸಿದ್ದ ಸ್ಪೋರ್ಟ್ಸ್ ಕಾರು. ಈಗ ಕೆಡಿಸುತ್ತಿದ್ದುದು ಲಯೋನೆಲ್ ಒಬ್ಬನ ನಿದ್ದೆಯನ್ನು. ಬೇರೆಯವರು ಇಂಥ ಕಾರನ್ನು ಗ್ಯಾರೇಜಿನಲ್ಲಿ ಹೊದಿಕೆ ಹೊದಿಸಿ ಮಲಗಿಸಿಟ್ಟು, ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ಎಬ್ಬಿಸುತ್ತಾರೆ. ಲಯೋನೆಲ್ ಹಾಗಲ್ಲ. ಚಳಿಯಿರಲಿ, ಮಂಜಿರಲಿ, ದಿನಾ ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದ.

"ಓಡೋಕೆ ಅಂತ ಮಾಡಿದ ಕಾರು, ಓಡಬೇಕು" ಎನ್ನುವುದು ಅವನ ವಾದ.

"ಓಡಬೇಕು ಅಂತ ಅದಕ್ಕೂ ಅನ್ನಿಸಬೇಕಲ್ಲ" ಎನ್ನುವುದು ಹೆಂಡತಿ ಡೋರೀನಳ ವಾದ.

ಲಯೋನೆಲ್‌ಗೆ ಹ್ಯಾಲ್‌ಫರ್ಡ್ ಪೇಟೆಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಕೆಲಸ. ವಾರಕ್ಕೆ ಎರಡು ದಿನವಾದರೂ ಅಂಗಡಿಗೆ ತಡವಾಗಿ, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಹೋಗುತ್ತಿದ್ದ. ಹೊಸ ಕನ್ನಡಕ ಹಾಕಿಕೊಂಡ ಅಜ್ಜಿಯರು "ಡಾಕ್ಟ್ರೇ, ಎಡಗಣ್ಣಲ್ಲಿ ಒಂದು ಕರೀ ಚುಕ್ಕೆ ಕಾಣ್ತಿದೆ" ಎಂದು ಗಾಬರಿಯಾಗುತ್ತಿದ್ದರು. ಅವನು ಕನ್ನಡಕ ತೆಗೆದು, ಗಾಜಿನ ಮೇಲಿದ್ದ ತನ್ನ ಹೆಬ್ಬೆರಳಿನ ಎಣ್ಣೆಗುರುತನ್ನು ಒರೆಸಿ ಕೊಟ್ಟರೆ, "ಎಂಥ ಕೈಗುಣ ನಿಮ್ಮದು!" ಎಂದು ಹರಸಿ ಹೋಗುತ್ತಿದ್ದರು.

ಇಷ್ಟು ವರ್ಷ ನಡೆದುಕೊಂಡು ಬಂದಿದ್ದು ಹಿಂದಿನ ವಾರ ನಿಂತುಹೋಯಿತು. ಡೋರೀನಳ ಅಕ್ಕನ ಮಗಳ ಮದುವೆ. ಚರ್ಚಿಗೆ ಇನ್ನು ಅರ್ಧ ಮೈಲಿ ಇರುವಾಗ, ನಾಲ್ಕು ರಸ್ತೆ ಕೂಡುವ ವೃತ್ತದ ನಟ್ಟನಡುವೆ ಮೇಬಲ್ ಒಮ್ಮೆ ಸೀನಿ ನಿಂತುಬಿಟ್ಟಳು. ಮಳೆ ಬೇರೆ. ಚಾವಣಿಯ ಹೊಲಿಗೆ ಬಿಟ್ಟಿದ್ದು ಸರಿಯಾಗಿ ಡೋರೀನಳ ಸೀಟಿನ ಮೇಲೆ. ಅವಳ ಹೊಸ ಹ್ಯಾಟು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಬಾಗಿ ಮೂಗಿನ ಮೇಲೆ ಬಂತು. ಆಮೇಲೆ ತಿಳಿನೇರಳೆ ರೇಷ್ಮೆ ಉಡುಪಿನಲ್ಲಿ ಅವಳು ಕಾರು ತಳ್ಳಿದ್ದನ್ನು ಬಸ್ಸಿನಲ್ಲಿ ಕೂತ ವಧುವಿನ ಕಡೆಯವರಷ್ಟೂ ಮಂದಿ ನೋಡಿದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಮನೆಗೆ ಬಂದು ಡೋರೀನ್ ಬಟ್ಟೆ ಬದಲಿಸಿ, ಒಂದು ಲೋಟ ಚಹಾ ಕುಡಿದು ಮುಗಿಸಿದಳು. ಆಮೇಲೆ ಶಾಂತವಾಗಿಯೇ ಹೇಳಿದಳು.

"ನಾನೇನು ರಾಕ್ಷಸಿ ಅಲ್ಲ, ಲಯೋನೆಲ್. ಒಂದು ಅವಕಾಶ ಕೊಡ್ತೀನಿ. ನಾಳೆ ಪೇಪರ್ ಅಂಗಡಿ ಕಿಟಕೀಲಿ ಚೀಟಿ ಅಂಟಿಸ್ತೀನಿ. ಮೊದಲು ಯಾರು ಬಂದು ನೋಡ್ತಾರೋ ಅವರು ಒಪ್ಪಿದ್ರೆ ಕಾರು ಕೊಟ್ಟುಬಿಡಬೇಕು. ಅವರೇ ಬೇಡ ಅಂದ್ರೆ ಅದು ಈ ಮನೇಲೇ ಇರ್ಲಿ, ಸಾಯೋವರೆಗೂ ನಾನು ಮಾರು ಅನ್ನಲ್ಲ. ಆದ್ರೆ ನೀನು ಸುಳ್ಳು ಹೇಳಬಾರದು. ಬೇಕು ಅಂತ ಕೈಯಾಡಿಸಿ ಏನನ್ನೂ ಕೆಡಿಸಬಾರದು. ಮಾತು ಕೊಡು."

ಲಯೋನೆಲ್ ತಕ್ಷಣ ಮಾತು ಕೊಟ್ಟ. ಒಳಗೊಳಗೇ ನಗುವೂ ಬಂತು. ಮೇಬಲ್‌ಳನ್ನು ಕೆಡಿಸುವುದೆಂದರೆ ಸಮುದ್ರಕ್ಕೆ ಉಪ್ಪು ಹಾಕಿದಂತಲ್ಲವೇ? ಅದೂ ಅಲ್ಲದೆ ಡೋರೀನ್ ಬರೆದ ಚೀಟಿ ಹೀಗಿತ್ತು: 'ಹಳೆಯ ಸ್ಪೋರ್ಟ್ಸ್ ಕಾರು. ಬಹಳ ಮೊಂಡು. ದಿನಾ ರಿಪೇರಿ ಬೇಕು. ತಾಳ್ಮೆ ಇಲ್ಲದವರು ಬರಬೇಡಿ.' ಇದನ್ನು ಓದಿ ಯಾವ ಪುಣ್ಯಾತ್ಮ ಬಂದಾನು?

ಗುರುವಾರ ಫೋನ್ ಬಂತು. ಆರ್ಮರಾಡ್ ಎಂಬ ಸಭ್ಯ ಧ್ವನಿಯ ಮನುಷ್ಯ. ಶನಿವಾರ ಮಧ್ಯಾಹ್ನ ಮೂರಕ್ಕೆ ಬರುತ್ತೇನೆ ಎಂದ.

ಸರಿ, ಬರಲಿ, ಮೇಬಲ್ ನೋಡಿಕೊಳ್ಳುತ್ತಾಳೆ ಎಂದುಕೊಂಡು ಲಯೋನೆಲ್ ಶನಿವಾರ ಬೆಳಿಗ್ಗೆ ಸುಮ್ಮನೆ ಕೀ ತಿರುಗಿಸಿದ. ಮೊದಲ ಸಲಕ್ಕೇ 'ವ್ರೂಂ' ಎಂದಿತು. ಬೆಚ್ಚಿಬಿದ್ದು ಆರಿಸಿದ. ಮತ್ತೆ ತಿರುಗಿಸಿದ. ವ್ರೂಂ. ಐದು ಸಲ ತಿರುಗಿಸಿದ, ಐದು ಸಲವೂ ಅವಳು ಶಾಲೆಯ ತನಿಖೆಗೆ ಬಂದ ಸಾಹೇಬರ ಮುಂದೆ ಎದ್ದುನಿಂತ ಮಗುವಿನಂತೆ ಉತ್ತರ ಕೊಟ್ಟಳು.

ಡೋರೀನ್ ಆಗಲೇ ಲೈಬ್ರರಿಗೆ ಹೊರಟುಹೋಗಿದ್ದಳು. ಶನಿವಾರ ಒಂದು ಗಂಟೆಯವರೆಗೆ ಅವಳಿಗೆ ಅಲ್ಲಿ ಕೆಲಸ. ಲಯೋನೆಲ್ ಬೀದಿಯ ಎರಡೂ ಕಡೆ ನೋಡಿದ. ಯಾರೂ ಇಲ್ಲ. ಮೆಲ್ಲಗೆ ಬಾನೆಟ್ ಎತ್ತಿದ. 'ಕೆಡಿಸೋದು ಬೇರೆ, ಸಡಿಲ ಮಾಡೋದು ಬೇರೆ' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಹೋಗುವ ಸಣ್ಣ ವೈರಿನ ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಿಚ್ಚಿ, ವೈರನ್ನು ಸುಮ್ಮನೆ ತಗುಲಿಹಾಕಿದ. ನೋಡಿದರೆ ಗಟ್ಟಿಯಾಗೇ ಕಾಣುತ್ತಿತ್ತು. ರಸ್ತೆಯ ಮೊದಲ ಗುಂಡಿಗೇ ಕಳಚಿ ಬೀಳುವುದು ಖಂಡಿತ. ಅತಿಥಿಗಳ ಮುಂದೆ ಅಳಲಿ ಎಂದು ಸ್ವಂತ ಮಗುವನ್ನು ಚಿವುಟಿದವನಂತೆ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡ.

ಥಾರ್ನ್‌ಬೆಕ್ ಊರಿನ ಚಾಪೆಲ್ ಬೀದಿಯಲ್ಲಿ ಹಳೇ ಕಾರಿನ ಬಾನೆಟ್ ಎತ್ತುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಇದನ್ನು ಲಯೋನೆಲ್ ಗಾಬರಿಯಲ್ಲಿ ಮರೆತಿದ್ದ. ಅರ್ಧ ನಿಮಿಷವೂ ಆಗಿರಲಿಲ್ಲ, ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು.

"ಏನು ಹುಡುಗಾ, ಎದ್ದ ಕೂಡಲೇ ಬಾನೆಟ್ ಎತ್ತಿದ್ದೀಯ?"

ಪಕ್ಕದ ಮನೆಯ ಸೆಡ್ರಿಕ್. ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಎಪ್ಪತ್ತೊಂದರ ಅವನಿಗೆ ಐವತ್ತನಾಲ್ಕರ ಲಯೋನೆಲ್ ಇನ್ನೂ ಹುಡುಗ. ಮನೆಯ ಚಪ್ಪಲಿಯಲ್ಲೇ, ಚಹಾ ಲೋಟ ಹಿಡಿದು ಬಂದಿದ್ದ.

"ಏನಿಲ್ಲ ಸೆಡ್ರಿಕ್, ಸುಮ್ನೆ ಗಾಳಿ ಆಡ್ಲಿ ಅಂತ."

"ಗಾಳಿಯಾ? ಅದೇನು ಹಾಸಿಗೆಯಾ ಒಣಗಿಸೋಕೆ? ಸರಿ ಆ ಕಡೆ." ಸೆಡ್ರಿಕ್ ಬಗ್ಗಿ ಒಳಗೆ ಕಣ್ಣಾಡಿಸಿದ. ಲೋಟವನ್ನು ಲಯೋನೆಲ್‌ನ ಕೈಗೆ ಕೊಟ್ಟು, ಎರಡು ಬೆರಳು ಒಳಗಿಟ್ಟು, ಆ ವೈರನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎತ್ತಿ ತೋರಿಸಿದ. "ಅಯ್ಯೋ ನಿನ್ನ! ಇದನ್ನ ಯಾರು ಹೀಗೆ ನೇತುಹಾಕಿದ್ದು?"

"ನಾನೇ... ಅಂದ್ರೆ... ಗೊತ್ತಿಲ್ಲ."

"ಹೂಂ." ಸೆಡ್ರಿಕ್ ಒಂದು ದೀರ್ಘ ನೋಟ ನೋಡಿದ, ಆದರೆ ಒಳ್ಳೆಯ ಮನುಷ್ಯ, ವೈರನ್ನು ಸರಿಯಾಗಿ ಕೂರಿಸಿ ನಟ್ಟು ಬಿಗಿದ. "ಮೂರಕ್ಕೆ ಯಾರೋ ನೋಡೋಕೆ ಬರ್ತಿದ್ದಾರಂತಲ್ಲ, ಡೋರೀನ್ ಹೇಳಿದ್ಲು. ಮರ್ಯಾದೆಯಿಂದ ಕಳಿಸಿಕೊಡಬೇಕಪ್ಪಾ. ಇರು, ನನ್ನ ಪೆಟ್ಟಿಗೆ ತರ್ತೀನಿ."

"ಬೇಡ ಸೆಡ್ರಿಕ್, ನಿಮಗೆ ಯಾಕೆ ತೊಂದ್ರೆ."

"ತೊಂದ್ರೆ ಏನು ಬಂತು!"

"ಇಲ್ಲ, ನಿಜವಾಗ್ಲೂ ಬೇಡ."

"ಅಯ್ಯೋ, ಸುಮ್ಮನಿರು!"

ಆ ಊರಿನಲ್ಲಿ ಬೇಡ ಎಂದರೆ ಸಂಕೋಚ, ನಿಜವಾಗಲೂ ಬೇಡ ಎಂದರೆ ತೀರಾ ಸಂಕೋಚ. ಮೂರನೆಯ ಸಲ ಬೇಡ ಎಂದವನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಸೂಪು ಮಾಡಿ ಕಳಿಸುತ್ತಾರೆ. ಲಯೋನೆಲ್ ಎರಡಕ್ಕೇ ನಿಲ್ಲಿಸಿದ.

ಮುಂದಿನ ಎರಡು ಗಂಟೆ ಸೆಡ್ರಿಕ್‌ಗೆ ಮತ್ತೆ ಡಿಪೋದ ದಿನಗಳಿಗೆ ಹೋದಂತಾಯಿತು. ಪ್ಲಗ್ಗುಗಳನ್ನು ಉಜ್ಜಿದ. ಕರೆಂಟು ಕೂಡಿಸುವ ಪಾಯಿಂಟುಗಳನ್ನು ಅರದಿಂದ ತಿಕ್ಕಿದ. ಫ್ಯಾನ್ ಬೆಲ್ಟ್ ಬಿಗಿದ. ರೇಡಿಯೇಟರಿನಿಂದ ಕಂದು ನೀರನ್ನು ಹೊರಗೆ ಹರಿಸಿ, ತಿಳಿನೀರು ಬರುವವರೆಗೂ ತೊಳೆದ. ಆಮೇಲೆ ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ತುಂಡೊಂದನ್ನು ತಂದು, ಒಂದು ತುದಿಯನ್ನು ಕಿವಿಗೂ ಇನ್ನೊಂದು ತುದಿಯನ್ನು ಕಾರ್ಬರೇಟರಿನ ಬಾಯಿಗೂ ಇಟ್ಟು, ಕಣ್ಣುಮುಚ್ಚಿ ಉಸಿರಾಟ ಕೇಳಿದ.

"ಎರಡು ಕಾರ್ಬರೇಟರ್ ಇದಾವಲ್ಲ, ಅತ್ತೆ ಸೊಸೆ ಇದ್ದ ಹಾಗೆ. ಒಂದು ಎತ್ತರದ ದನೀಲಿ ಮಾತಾಡ್ತಿದೆ, ಇನ್ನೊಂದು ಮುಖ ಊದಿಸ್ಕೊಂಡಿದೆ. ಸ್ವಲ್ಪ ಇರು, ಇಬ್ಬರನ್ನೂ ಒಂದು ದಾರಿಗೆ ತರ್ತೀನಿ."

ಸ್ಕ್ರೂಡ್ರೈವರನ್ನು ಕೂದಲೆಳೆಯಷ್ಟು ತಿರುಗಿಸಿದ. ಅಷ್ಟೇ. ಹತ್ತೊಂಬತ್ತು ವರ್ಷ ಕೆಮ್ಮುತ್ತಿದ್ದ ಎಂಜಿನ್ನು ಬೆಕ್ಕು ಬಿಸಿಲಲ್ಲಿ ಗುರುಗುಟ್ಟುವಂತೆ ಗುರುಗುಟ್ಟತೊಡಗಿತು. ಲಯೋನೆಲ್‌ಗೆ ಒಂದು ಕ್ಷಣ ಎಲ್ಲವೂ ಮರೆತು ಕಣ್ಣು ತುಂಬಿ ಬಂತು. ಮರುಕ್ಷಣ, ಇಷ್ಟು ಚೆನ್ನಾಗಿರುವುದನ್ನು ಮೂರು ಗಂಟೆಗೆ ಬೇರೆಯವನು ಹೊಡೆದುಕೊಂಡು ಹೋಗುತ್ತಾನೆ ಎಂಬುದು ನೆನಪಾಗಿ ನಿಜವಾಗಿಯೇ ಅಳು ಬಂತು.

"ಖುಷಿ ಆಯ್ತು ಅಂತ ಕಾಣುತ್ತೆ," ಎಂದು ಸೆಡ್ರಿಕ್ ಅವನ ಬೆನ್ನು ತಟ್ಟಿದ. ಬೆನ್ನ ಮೇಲೆ ಐದು ಕಪ್ಪು ಬೆರಳು ಮೂಡಿದವು.

ಇನ್ನು ಉಳಿದಿದ್ದ ಒಂದೇ ಆಸೆ ಆಕಾಶ. ಪಶ್ಚಿಮದ ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ಮೂರರ ಹೊತ್ತಿಗೆ ಮಳೆ ಬಂದರೆ ಚಾವಣಿಯ ಹೊಲಿಗೆಯಿಂದ ಆರ್ಮರಾಡ್‌ನ ಕುತ್ತಿಗೆಗೆ ತಣ್ಣೀರು ಇಳಿಯುತ್ತದೆ. ತಾನೇನೂ ಕೆಡಿಸಿದಂತಾಗುವುದಿಲ್ಲ, ಸುಳ್ಳನ್ನೂ ಹೇಳಿದಂತಾಗುವುದಿಲ್ಲ. ಲಯೋನೆಲ್ ಮೋಡಕ್ಕೆ ಮನಸ್ಸಿನಲ್ಲೇ ಕೈಮುಗಿದು ಕೈ ತೊಳೆಯಲು ಒಳಗೆ ಹೋದ. ತಿರುಗಿ ಬರುವಷ್ಟರಲ್ಲಿ ಮೇಬಲ್‌ಳ ಒಳಗೆ ಯಾರೋ ಕೂತಿದ್ದರು.

"ಬಾ ಚಿನ್ನಾ, ಇಲ್ಲಿ ಸ್ವಲ್ಪ ಹಿಡ್ಕೋ," ಎಂದಳು ಎದುರುಮನೆಯ ಮಿಸೆಸ್ ಥ್ವೇಟ್. ಬೀದಿಯಲ್ಲಿ ಎಲ್ಲರನ್ನೂ, ಪೋಸ್ಟಿನವನಿಂದ ಪಾದ್ರಿಗಳವರೆಗೆ, ಚಿನ್ನಾ ಎಂದೇ ಕರೆಯುವ ವಿಧವೆ. ಪ್ರಾಯದಲ್ಲಿ ಗುಡಾರದ ಕಾರ್ಖಾನೆಯಲ್ಲಿ ಹೊಲಿಗೆಯವಳಾಗಿದ್ದಳು. ಬಾಯಲ್ಲಿ ಮೇಣದ ದಾರ, ಕೈಯಲ್ಲಿ ದಬ್ಬಳ.

"ಮಿಸೆಸ್ ಥ್ವೇಟ್! ನೀವು ಯಾಕೆ... ಬೇಡ!"

"ಪಾಪ, ಎಷ್ಟು ಸಂಕೋಚ ನಿಂಗೆ. ಸೆಡ್ರಿಕ್ ಅಷ್ಟು ಮಾಡಿದಾನೆ, ನಾನು ಕಿಟಕೀಲಿ ನೋಡ್ತಾ ಕೂರೋಕಾಗುತ್ತಾ? ಡೋರೀನ್ ಹ್ಯಾಟಿನ ಗತಿ ಕೇಳಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ ಚಿನ್ನಾ. ನಾನು ಹಾಕಿದ ಹೊಲಿಗೆ ಹಿಮದ ಬಿರುಗಾಳಿಗೂ ಬಿಟ್ಟಿದ್ದಿಲ್ಲ."

ದಬ್ಬಳ ಮೇಲೆ ಕೆಳಗೆ ಓಡಿತು. ಒಂದೊಂದು ಹೊಲಿಗೆಯೂ ಲಯೋನೆಲ್‌ನ ಎದೆಯಲ್ಲೇ ಬಿದ್ದಂತಿತ್ತು. ಕೊನೆಗೆ ಅವಳು ಹೊಲಿಗೆಯ ಮೇಲೆ ಮೇಣ ತಿಕ್ಕಿ, ಹೂಜಿಯಿಂದ ನೀರು ಸುರಿದು, ಒಳಗೆ ಕೈಯಿಟ್ಟು ನೋಡಿ, "ಒಣ ಕಟ್ಟಿಗೆ ಇದ್ದ ಹಾಗಿದೆ!" ಎಂದು ಘೋಷಿಸಿದಳು. ಮಳೆ ಅದೇ ಕ್ಷಣ ಶುರುವಾಯಿತು.

ಮೂರಕ್ಕೆ ಐದು ನಿಮಿಷವಿದ್ದಾಗಲೂ ಮಳೆ ಹನಿಯುತ್ತಲೇ ಇತ್ತು. ಹಳೇ ಕಾರು ಇಟ್ಟುಕೊಂಡವರೆಲ್ಲ ಪಾಲಿಸುವ ಒಂದು ನೇಮವಿದೆ: ಮಾರುವ ಮಾತನ್ನು ಕಾರಿನ ಮುಂದೆ ಆಡಬಾರದು. ಆಡಿದರೆ ಅದು ಮುನಿದು ಅಲ್ಲೇ ಕೂರುತ್ತದೆ. ವಾರವಿಡೀ ಲಯೋನೆಲ್ ಈ ಸುದ್ದಿಯನ್ನು ಅಡುಗೆಮನೆಯಲ್ಲಿ ಪಿಸುದನಿಯಲ್ಲಷ್ಟೇ ಆಡಿದ್ದ. ಈಗ ಬಗ್ಗಿ, ಎಡಗಡೆಯ ದೀಪದ ಹತ್ತಿರ ಬಾಯಿಟ್ಟ.

"ಮೇಬಲ್, ಕೇಳಿಸ್ತಾ? ನಿನ್ನ ಮಾರ್ತಿದ್ದೀವಿ. ಇವತ್ತೇ. ಯಾರೋ ಗುರುತಿಲ್ಲದೋನಿಗೆ. ಕೋಪ ಮಾಡ್ಕೋ ತಾಯಿ, ದಯವಿಟ್ಟು ಕೋಪ ಮಾಡ್ಕೋ."

"ಕ್ಷಮಿಸಿ," ಎಂದಿತು ಹಿಂದಿನಿಂದ ಒಂದು ಸಭ್ಯ ಧ್ವನಿ. "ನಾನು ಆರ್ಮರಾಡ್."

ಆರ್ಮರಾಡ್‌ಗೆ ಅರವತ್ತೈದರ ಆಸುಪಾಸು. ಮಡಿಸಿದ ಚಾಪೆ, ಟಾರ್ಚು, ಹೊಚ್ಚಹೊಸ ಸ್ಪ್ಯಾನರುಗಳ ಪೆಟ್ಟಿಗೆ, ಎಲ್ಲವನ್ನೂ ತಂದಿದ್ದ. ಡೋರೀನ್ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಆರ್ಮರಾಡ್ ಕಾರಿನ ಕೆಳಗೆ ತೂರಿದ, ಬಾನೆಟ್ಟಿನೊಳಗೆ ತಲೆಯಿಟ್ಟ, ಪ್ರತಿ ಸಲ ಹೊರಗೆ ಬಂದಾಗಲೂ ಅವನ ಮುಖ ಇನ್ನಷ್ಟು ಸಣ್ಣದಾಗಿರುತ್ತಿತ್ತು. ಹೀಗೇಕೆ ಎಂದು ಲಯೋನೆಲ್‌ಗೆ ಅರ್ಥವಾಗಲಿಲ್ಲ.

"ಒಂದು ಸುತ್ತು ಹೋಗೋಣವೇ?" ಎಂದ ಆರ್ಮರಾಡ್.

ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಲಯೋನೆಲ್ ಬೇಕೆಂದೇ ಗುಡ್ಡದ ದಾರಿ ಹಿಡಿದ. ಕುರಿ ದಾಟದಂತೆ ಕಬ್ಬಿಣದ ಸರಳು ಹಾಸಿದ ತಿರುವಿನಲ್ಲಿ ಮೇಬಲ್ ಪ್ರತಿ ಸಲವೂ ಕುದಿದು ನಿಲ್ಲುವುದು ವಾಡಿಕೆ; ಅಲ್ಲಿನ ಕುರಿಗಳು ಅವನ ಗುರುತು ಹಿಡಿಯುತ್ತಿದ್ದವು. ಇವತ್ತು ಕುರಿಗಳು ತಲೆಯೆತ್ತುವಷ್ಟರಲ್ಲಿ ಕಾರು ತಿರುವು ದಾಟಿ ಗುಡ್ಡದ ನೆತ್ತಿಯಲ್ಲಿತ್ತು. ಮಳೆ ಬಡಿಯಿತು, ಒಳಗೆ ಒಂದು ಹನಿ ಇಲ್ಲ. ವೈಪರು ಕೂಡ, ಎರಡೂ ಒಟ್ಟಿಗೆ, ಒಂದೇ ದಿಕ್ಕಿಗೆ ಓಡಾಡಿದವು. ಆರ್ಮರಾಡ್ ತುಟಿ ಬಿಗಿಹಿಡಿದು ಕೂತಿದ್ದ. ಲಯೋನೆಲ್ ಇನ್ನು ಮುಗಿಯಿತು ಎಂದುಕೊಂಡು ಸ್ಟೀರಿಂಗನ್ನು ಮೆಲ್ಲಗೆ ಸವರಿದ.

ಮನೆಯ ಮುಂದೆ ಬಂದು ನಿಂತಾಗ ಆರ್ಮರಾಡ್ ಇಳಿಯಲಿಲ್ಲ.

"ಮಿಸ್ಟರ್ ಗಾರ್ಸೈಡ್, ತಪ್ಪು ತಿಳೀಬೇಡಿ. ಚೀಟೀಲಿ ಬಹಳ ಮೊಂಡು, ದಿನಾ ರಿಪೇರಿ ಅಂತ ಬರೆದಿತ್ತಲ್ಲ?"

"ಹೌದು," ಎಂದ ಲಯೋನೆಲ್ ತಪ್ಪೊಪ್ಪಿಕೊಳ್ಳುವವನಂತೆ.

"ಎಲ್ಲಿದೆ ಮೊಂಡು? ಎಲ್ಲಿದೆ ರಿಪೇರಿ?" ಆರ್ಮರಾಡ್ ಮಡಿಸಿದ ಚಾಪೆಯನ್ನು ತೊಡೆಯ ಮೇಲೆ ಎಳೆದುಕೊಂಡ. "ನೋಡಿ, ನಾನು ರಿಟೈರಾಗಿ ಎರಡು ತಿಂಗಳಾಯ್ತು. ಮನೇಲಿ ಹೆಂಡತಿ. ಜೊತೆಗೆ ಅವಳ ತಂಗಿ. ಇಬ್ಬರೂ ಒಳ್ಳೆಯವರು, ಆದ್ರೆ ದಿನವಿಡೀ ನನ್ನನ್ನ ಏನಾದ್ರೂ ಒಂದು ಕೇಳ್ತಾನೇ ಇರ್ತಾರೆ. ಪರದೆಗೆ ಯಾವ ಬಣ್ಣ ಅಂತಾರೆ. ನಂಗೆ ಬೇಕಾಗಿರೋದು ಕಾರಲ್ಲ, ಕೆಳಗೆ ಮಲಗೋಕೆ ಒಂದು ಜಾಗ. ಬೆಳಿಗ್ಗೆ ಹೋಗಿ ಮಲಗಿದ್ರೆ ಸಂಜೆಗೆ ಎದ್ದು ಬರಬೇಕು. ಇದರ ಕೆಳಗೆ ನಾನು ಏನು ಮಾಡ್ಲಿ? ಒರೆಸೋಕೂ ಏನಿಲ್ಲ! ಇಲ್ಲ, ಇದು ನಂಗೆ ಬೇಡ."

ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು, ಮಳೆಯಲ್ಲಿ ನೆನೆಯುತ್ತಾ, ಆ ದೊಡ್ಡ ಮನುಷ್ಯ ಹೊರಟುಹೋದ.

ಲಯೋನೆಲ್ ಹತ್ತು ಎಣಿಸಿದ. ಆಮೇಲೆ ಬಾಗಿಲಿಗೆ ಓಡಿದ.

"ಡೋರೀನ್! ಬೇಡ ಅಂದುಬಿಟ್ಟ! ಅವನ ಬಾಯಿಂದಾನೇ ಬೇಡ ಅಂದ!"

"ಹೌದಾ," ಎಂದಳು ಡೋರೀನ್. ಮುಖದಲ್ಲಿ ಕೋಪವಿರಲಿಲ್ಲ. "ಕೊಟ್ಟ ಮಾತು ಮಾತೇ. ಕಾರು ಇರ್ಲಿ. ಕೀ ಕೊಡಿಲ್ಲಿ, ಮೀನು-ಚಿಪ್ಸ್ ತರ್ತೀನಿ. ಹಬ್ಬ ಮಾಡು."

ಮೀನಿನ ಅಂಗಡಿ ಐದು ನಿಮಿಷದ ದಾರಿ. ಡೋರೀನ್ ಒಂದೂ ಕಾಲು ಗಂಟೆಯಾದರೂ ಬರಲಿಲ್ಲ. ಎಲ್ಲಿ ನಿಂತಿತೋ ಎಂದು ಲಯೋನೆಲ್ ತಳ್ಳುವುದಕ್ಕೆಂದೇ ಇಟ್ಟಿದ್ದ ಬೂಟು ಹಾಕಿಕೊಂಡು ಗೇಟಿನಲ್ಲಿ ಕಾದ. ಕೊನೆಗೆ ಮಳೆ ನಿಂತ ಸಂಜೆಬೆಳಕಿನಲ್ಲಿ, ಚಾವಣಿಯನ್ನು ಹಿಂದಕ್ಕೆ ಮಡಿಸಿ, ತಲೆಗೆ ಕೆಂಪು ವಸ್ತ್ರ ಕಟ್ಟಿಕೊಂಡು, ಡೋರೀನ್ ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿಸಿತು. ಒಂದಿಷ್ಟೂ ಕರಕರ ಎನ್ನಲಿಲ್ಲ. ಕೆನ್ನೆ ಕೆಂಪಾಗಿತ್ತು. ಮೀನು ತಣ್ಣಗಾಗಿತ್ತು.

"ಗುಡ್ಡದಾಚೆ ಸರೋವರದವರೆಗೂ ಹೋಗಿದ್ದೆ ಕಣೋ. ಎದುರು ಬಂದ ಹಳೇ ಕಾರಿನವರೆಲ್ಲ ಕೈಬೀಸ್ತಾರೆ! ಪೆಟ್ರೋಲ್ ಬಂಕಲ್ಲಿ ಒಬ್ಬರು ಟೋಪಿ ತೆಗೆದ್ರು. ಹತ್ತೊಂಬತ್ತು ವರ್ಷದಿಂದ ನಂಗೆ ಇದನ್ನ ತಳ್ಳಿ ಗೊತ್ತೇ ಹೊರತು, ಇದು ಓಡೋದೂ ಉಂಟು ಅಂತ ಗೊತ್ತೇ ಇರ್ಲಿಲ್ಲ."

"ನಾನು ಯಾವಾಗ್ಲೂ ಹೇಳ್ತಿದ್ನಲ್ಲ!" ಲಯೋನೆಲ್ ಎರಡು ಇಂಚು ಎತ್ತರವಾದ.

"ಹೇಳ್ತಿದ್ದೆ, ಸರಿ. ಆದ್ರೆ ಸೆಡ್ರಿಕ್ ಇನ್ನೊಂದು ವಿಷಯ ಹೇಳ್ದ." ಡೋರೀನ್ ಅವನ ಪಕ್ಕ ಕೂತು, ತುಂಬ ಮೃದುವಾಗಿ, ಕಾಯಿಲೆಯವರ ಹತ್ತಿರ ಮಾತಾಡುವಂತೆ ಮಾತಾಡಿದಳು. "ನೀವಿಬ್ಬರು ಸುತ್ತು ಹೋಗಿದ್ರಲ್ಲ, ಆಗ ಬೇಲಿ ಹತ್ರ ಕರೆದು ಹೇಳ್ದ. ಬೆಳಿಗ್ಗೆ ಬಾನೆಟ್ ಎತ್ತಿದಾಗ ಒಂದು ಮುಖ್ಯವಾದ ವೈರು ಸುಮ್ನೆ ನೇತಾಡ್ತಿತ್ತಂತೆ. ಯಾರೋ ಕೈಯಾಡಿಸಿ ಹಾಗೆ ಬಿಟ್ಟಿದ್ರಂತೆ. 'ಡೋರೀನ್, ಕಾರಲ್ಲಿ ಯಾವ ದೋಷವೂ ಇಲ್ಲ. ಪಾಪ, ನಮ್ಮ ಹುಡುಗನಿಗೆ ಕೈ ಬರಲ್ಲ. ಇಷ್ಟು ವರ್ಷ ರಿಪೇರಿ ಮಾಡ್ತೀನಿ ಅಂತ ಅವನೇ ಕೆಡಿಸ್ತಾ ಬಂದಿದ್ದಾನೆ' ಅಂದ. ನಿಜ ಹೇಳು ಲಯೋನೆಲ್, ನಾನು ಬೈಯಲ್ಲ. ಆ ವೈರನ್ನ ನೀನು ಬೇಕು ಅಂತ ಬಿಚ್ಚಿದ್ದಾ? ಅಥವಾ ನಿಂಗೆ ಸರಿಯಾಗಿ ಹಾಕೋಕೆ ಬರ್ಲಿಲ್ವಾ?"

ಲಯೋನೆಲ್ ಬಾಯಿ ತೆರೆದ. ಬೇಕೆಂದೇ ಬಿಚ್ಚಿದೆ ಎಂದರೆ ಕೊಟ್ಟ ಮಾತು ಮುರಿದಂತೆ. ಮಾತು ಮುರಿದರೆ ಕಾರು ಹೋದಂತೆ. ಹಾಕಲು ಬರಲಿಲ್ಲ ಎಂದರೆ ಹತ್ತೊಂಬತ್ತು ವರ್ಷದ ಪಾಂಡಿತ್ಯವೇ ಹೋದಂತೆ. ಒಂದು ತಣ್ಣನೆಯ ಚಿಪ್ಸನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದ.

"ಬರ್ಲಿಲ್ಲ," ಎಂದ ಕೊನೆಗೆ.

"ಹಾಗೇ ಅಂದ್ಕೊಂಡೆ." ಡೋರೀನ್ ಅವನ ಕೈ ತಟ್ಟಿದಳು. "ಹೋಗ್ಲಿ ಬಿಡು. ಇನ್ಮೇಲೆ ನೀನು ಬಾನೆಟ್ ಮುಟ್ಟಬೇಡ. ಪ್ರತಿ ಶನಿವಾರ ಸೆಡ್ರಿಕ್ ನೋಡ್ಕೋತಾನಂತೆ, ನಾನು ಅವನಿಗೆ ಹಣ್ಣಿನ ಕೇಕ್ ಮಾಡಿಕೊಡ್ತೀನಿ ಅಂತ ಒಪ್ಪಿಸಿದ್ದೀನಿ. ಸೋಮವಾರದಿಂದ ಲೈಬ್ರರಿಗೆ ನಾನು ಮೇಬಲ್‌ಳಲ್ಲೇ ಹೋಗ್ತೀನಿ."

"ನೀನಾ? ಮತ್ತೆ ನಾನು?"

"ಇಷ್ಟು ವರ್ಷ ನಾನು ಹೋಗ್ತಿದ್ದ ಬಸ್ಸಿದೆಯಲ್ಲ. ಎಂಟೂ ಇಪ್ಪತ್ತಕ್ಕೆ ಚಾಪೆಲ್ ಮುಂದೆ ಬರುತ್ತೆ, ಒಂದು ದಿನಾನೂ ತಪ್ಪಲ್ಲ." ಡೋರೀನ್ ಕೀಯನ್ನು ತನ್ನ ಕೈಚೀಲದಲ್ಲಿ ಹಾಕಿ ಜಿಪ್ ಎಳೆದಳು. "ಮೂರನೇ ಸೀಟು ಹಿಡ್ಕೋ, ಕಾಲಿನ ಹತ್ರ ಬಿಸಿಗಾಳಿ ಬರುತ್ತೆ. ಮಿಸೆಸ್ ಪ್ರಾಕ್ಟರ್ ಪಕ್ಕ ಮಾತ್ರ ಕೂರಬೇಡ. ನೀನು ಕಣ್ಣಿನ ಡಾಕ್ಟ್ರು ಅಂತ ಗೊತ್ತಾದ್ರೆ, ಹ್ಯಾಲ್‌ಫರ್ಡ್ ಬರೋವರೆಗೂ ತನ್ನ ಮಂಡಿ ತೋರಿಸ್ತಾಳೆ."